ತೀವ್ರತೆ: ಮಧ್ಯಮ

ಫೋನುಗಳನ್ನು ಕೊಲ್ಲುವುದು ಅಕ್ಕನ ಕೆಲಸ. ತಮಾಷೆಗೆ ಹೇಳುವ ಮಾತಲ್ಲ, ಅವಳಿಗೆ ತಿಂಗಳ ಸಂಬಳ ಬರುತ್ತಿದ್ದುದೇ ಅದಕ್ಕೆ. ಅವಳನ್ನು ಅಕ್ಕ ಎನ್ನುವ ಹಕ್ಕು ಇದ್ದದ್ದು ಲೋಕದಲ್ಲಿ ಒಬ್ಬ ತಮ್ಮನಿಗೆ ಮಾತ್ರ. ಆದರೆ ಕತೆ ಅವರಿಬ್ಬರದೇ ಆದ್ದರಿಂದ ನಾವೂ ಹಾಗೇ ಕರೆದರೆ ಅವಳು ಬೇಜಾರು ಮಾಡಿಕೊಳ್ಳಲಾರಳು. ಪ್ರಯೋಗಾಲಯದಲ್ಲಿ ಅವಳಿಗೆ ಕಟುಕಿ ಎಂಬ ಅಡ್ಡಹೆಸರಿತ್ತು. ಅದನ್ನು ಅವಳು ಬಿರುದಿನಂತೆ ಹೊತ್ತು ತಿರುಗುತ್ತಿದ್ದಳು.

ಪ್ರತಿ ಫೋನಿನೊಳಗೂ ಮೋಡೆಮ್ ಎಂಬ ಒಂದು ಚಿಪ್ಪು ಇರುತ್ತದೆ. ಟವರಿನ ಜೊತೆ ಮಾತಾಡುವುದು ಅದೊಂದೇ. ಮನೆಯ ಬಾಗಿಲಲ್ಲಿ ಕೂತ ಕಾವಲುಗಾರನಿದ್ದ ಹಾಗೆ. ಯಾರು ಬಂದರೆಂದು ಅವನು ಕೂಗಿ ಹೇಳಿದರೆ ಮಾತ್ರ ಒಳಗಿನವರಿಗೆ ತಿಳಿಯುತ್ತದೆ. ಅಕ್ಕ ತಾಮ್ರದ ಜಾಲರಿ ಹೊದಿಸಿದ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಒಂದು ಸುಳ್ಳು ಟವರನ್ನು ನಡೆಸಿ, ಈ ಕಾವಲುಗಾರನಿಗೆ ಅಡ್ಡಾದಿಡ್ಡಿ ಸಂದೇಶಗಳನ್ನು ಕಳಿಸುತ್ತಿದ್ದಳು. ಎಂಟು ಅಕ್ಷರ ಬರುತ್ತದೆಂದು ಹೇಳಿ ಎಂಬತ್ತು ತುರುಕುವುದು, ಇಲ್ಲದ ಪಟ್ಟಿಯ ಮೂರನೆಯ ಸಾಲು ಓದು ಎನ್ನುವುದು, ಇಂಥ ಕಿತಾಪತಿಗಳು ದಿನಕ್ಕೆ ನಾಲ್ಕು ಸಾವಿರ. ಬಹುಪಾಲು ಫೋನುಗಳು ಆ ಕಸವನ್ನು ಕಸವೆಂದೇ ಎಸೆದು ಸುಮ್ಮನಿರುತ್ತಿದ್ದವು. ಕೆಲವು ಗಕ್ಕನೆ ನಿಂತು, ಎರಡು ನಿಮಿಷದಲ್ಲಿ ತಾವೇ ಎದ್ದು ಕೂರುತ್ತಿದ್ದವು.

ಒಂದು ಮಂಗಳವಾರ ಒಂದು ಫೋನು ಇವೆರಡನ್ನೂ ಮಾಡಲಿಲ್ಲ. ಪರದೆಯ ಮೇಲೆ ಗಡಿಯಾರ ಓಡುತ್ತಿತ್ತು, ಟವರಿನ ಐದೂ ಕಡ್ಡಿಗಳು ತುಂಬಿ ನಿಂತಿದ್ದವು. ಅಕ್ಕ ಇನ್ನೊಂದು ಫೋನಿನಿಂದ ಅದಕ್ಕೆ ಕರೆ ಮಾಡಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಊಟಕ್ಕೆ ಹೋಗಿ ಬಂದಳು, ಆಗಲೂ ಐದು ಕಡ್ಡಿ, ಆಗಲೂ ಸಿಗುತ್ತಿಲ್ಲ. ಕಾವಲುಗಾರ ಕೂತಲ್ಲೇ ಮೂರ್ಛೆ ಹೋಗಿದ್ದ, ಒಳಗಿನವರು ಮಾತ್ರ ಈ ದಿನ ಯಾರೂ ಬರಲಿಲ್ಲವೆಂದು ಆರಾಮವಾಗಿ ಕಾಲು ಚಾಚಿದ್ದರು. ಫೋನನ್ನು ಪೂರ್ತಿ ಆರಿಸಿ ಮತ್ತೆ ಹೊತ್ತಿಸಿದಾಗಲೇ ಅವನಿಗೆ ಎಚ್ಚರ.

ಪ್ರಯೋಗಾಲಯದ ಮುಖ್ಯಸ್ಥನಿಗೆ ಹೊಸ ದೋಷ ಸಿಕ್ಕರೆ ಮಕ್ಕಳಿಗೆ ಹೊಸ ಬೂಟು ಸಿಕ್ಕಷ್ಟು ಖುಷಿ. "ಭೇಷ್ ಕಟುಕಿ! ಎಷ್ಟು ಮಾಡೆಲ್ ಸಾಯ್ತವೆ?" ಎಂದು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದ. ಅದೇ ಚಿಪ್ಪು ನಲವತ್ತಾರು ಮಾಡೆಲುಗಳಲ್ಲಿತ್ತು. ಅವುಗಳ ಹೆಸರಿನ ಪಟ್ಟಿ ತಯಾರಾಯಿತು, ಆಮೇಲೆ ಅಂಕದ ಫಾರಂ ಬಂತು.

ಈ ಫಾರಂ ವಿಷಯ ಸ್ವಲ್ಪ ಹೇಳಬೇಕು. ದೋಷ ಎಷ್ಟು ಕೆಟ್ಟದ್ದೆಂದು ತೀರ್ಮಾನಿಸುವುದು ಅದೇ. ಗುಟ್ಟು ಕದಿಯಬಹುದೇ? ಇಲ್ಲ. ಮಾಹಿತಿ ತಿದ್ದಬಹುದೇ? ಇಲ್ಲ. ಸೇವೆ ನಿಲ್ಲುತ್ತದೆಯೇ? ಹೌದು. ಮತ್ತೆ ಸರಿಹೋಗುತ್ತದೆಯೇ? ಅಕ್ಕ ಅಲ್ಲಿ "ಮರುಚಾಲನೆಯಿಂದ ಸರಿಹೋಗುತ್ತದೆ" ಎಂದು ಬರೆದಳು. ಕೂಡಿ ಕಳೆದು ಫಾರಂ ಉತ್ತರ ಕೊಟ್ಟಿತು: ತೀವ್ರತೆ, ಮಧ್ಯಮ.

ಕೆಳಗೆ ಷರಾ ಬರೆಯಲು ಜಾಗವಿತ್ತು. ಫೋನು ಸತ್ತಿರುವುದು ಬಳಸುವವರಿಗೆ ಗೊತ್ತೇ ಆಗುವುದಿಲ್ಲ ಎಂದು ಅಕ್ಕ ಒಂದು ಸಾಲು ಸೇರಿಸಿದಳು. ಮುಖ್ಯಸ್ಥ ಅವಳ ಹೆಗಲ ಮೇಲಿಂದ ಬಗ್ಗಿ ಓದಿ ನಾಲಗೆ ಲೊಚಗುಟ್ಟಿದ.

"ಮೆಷಿನ್ ಏನ್ ಮಾಡ್ತು ಅದನ್ನ ಬರಿ. ಮನುಷ್ಯರಿಗೆ ಏನ್ ಗೊತ್ತಾಗುತ್ತೆ, ಏನ್ ಗೊತ್ತಾಗಲ್ಲ ಅಂತೆಲ್ಲ ಶುರು ಮಾಡಿದ್ರೆ ಅದಕ್ಕೆ ಕೊನೆ ಎಲ್ಲಿ?"

ಅದು ಅಲ್ಲಿನ ಹಳೆಯ ಪದ್ಧತಿ. ಹೊಸಬರಿಗೆ ಅಕ್ಕನೇ ಹತ್ತು ಸಲ ಹೇಳಿಕೊಟ್ಟ ಪಾಠ. ಆ ಸಾಲನ್ನು ಅವಳು ತನ್ನ ಕೈಯಾರೆ ಅಳಿಸಿ ಫಾರಂ ಕಳಿಸಿದಳು. ಚಿಪ್ಪಿನ ಕಂಪನಿಗೆ ದುರಸ್ತಿಗೆ ತೊಂಬತ್ತು ದಿನ. ಅಲ್ಲಿಯವರೆಗೆ ಹೊರಗೆ ಯಾರಿಗೂ ಪಿಟಕ್ ಎನ್ನುವಂತಿಲ್ಲ, ಸಹಿ ಹಾಕಿಕೊಟ್ಟ ಮಾತು. ಮೊದಲೇ ಬಾಯಿಬಿಟ್ಟರೆ ಕಿಡಿಗೇಡಿಗಳಿಗೆ ದಾರಿ ತೋರಿಸಿದಂತೆ, ಆದ್ದರಿಂದ ಆ ನಿಯಮವನ್ನು ತಪ್ಪೆನ್ನಲೂ ಆಗುವುದಿಲ್ಲ. ಆಗುವಂತಿದ್ದರೆ ಬೈದಾದರೂ ಸಮಾಧಾನ ಪಟ್ಟುಕೊಳ್ಳಬಹುದಿತ್ತು.

ಈಗ ತಮ್ಮನ ವಿಷಯ. ಅವನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ವಯಸ್ಸು ಮೂವತ್ತನಾಲ್ಕು, ಬಾಯಿ ಎಂಟು ವರ್ಷದ್ದು. ಎರಡೂ ಮೂತ್ರಪಿಂಡಗಳು ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ನಾಲ್ಕು ಗಂಟೆ ಮಲಗಬೇಕು. ಬದಲಿ ಮೂತ್ರಪಿಂಡಕ್ಕೆ ಹೆಸರು ಬರೆಸಿದ್ದರು. ಆದರೆ ಅವನ ರಕ್ತ ಮಹಾ ಹಟಮಾರಿ, ನೂರು ಜನರದ್ದು ತಂದರೆ ತೊಂಬತ್ತೇಳನ್ನು ಬೇಡವೆನ್ನುವಂಥದ್ದು. ಅಕ್ಕ ಮೊದಲ ವಾರವೇ ತನ್ನದನ್ನು ಕೊಡಲು ಹೋಗಿ ನಿಂತಿದ್ದಳು. ಅದನ್ನೂ ಬೇಡವೆಂದಿತು.

"ಚಿಕ್ಕಂದಿನಲ್ಲಿ ನಿನ್ನ ಸ್ವೆಟರ್ ಕೊಟ್ರೂ ನನಗೆ ಚುಚ್ತಿತ್ತಲ್ಲ, ಹಾಗೇ ಇದು" ಎಂದು ತಮ್ಮ ನಕ್ಕಿದ್ದ.

ಅಕ್ಕ ಆ ಸಂಜೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಸೂಜಿ ಚುಚ್ಚಿ ಚುಚ್ಚಿ ತಮ್ಮನ ಎಡಗೈಯ ನರ ಮುಗಿದಿತ್ತು, ಬಲಗೈಯದೂ ಕಟ್ಟಿಕೊಳ್ಳುತ್ತಿತ್ತು. ಇನ್ನೊಂದು ವರ್ಷ ಹೀಗೇ ತಳ್ಳಬಹುದು, ಆಮೇಲಿನದು ಕಷ್ಟ ಎಂದು ವೈದ್ಯರು ಮೆಲ್ಲಗೆ ಹೇಳಿದ್ದರು. ಹೊಂದುವಂಥದ್ದು ಒಂದೇ ಒಂದು ಬರಬೇಕು, ಬಂದಾಗ ಫೋನು ರಿಂಗಾಗಬೇಕು. ಆ ಮನೆಯಲ್ಲಿ ಎಲ್ಲವೂ ಈ ಎರಡು ಮಾತಿನ ಮೇಲೆ ನಿಂತಿತ್ತು.

ಹಾಗಾಗಿ ಫಾರಂ ಕಳಿಸಿದ ದಿನ ಮನೆಗೆ ಹೊರಡುವ ಮುಂಚೆ ಅಕ್ಕ ನಲವತ್ತಾರರ ಪಟ್ಟಿಯನ್ನು ತೆರೆದು, ಹುಡುಕುವ ಜಾಗದಲ್ಲಿ ತಮ್ಮನ ಫೋನಿನ ಹೆಸರು ಬರೆದಳು. ಸಿಕ್ಕಿತು, ಹನ್ನೆರಡನೆಯ ಸಾಲು. ತನ್ನದನ್ನು ಹುಡುಕಿದಳು, ಇರಲಿಲ್ಲ. ಪಟ್ಟಿಯನ್ನು ಮುಚ್ಚಿದಳು. ಮರುದಿನವೇ ಬೇರೆ ಚಿಪ್ಪಿನ ಹೊಸ ಫೋನು ತಂದು ತಮ್ಮನ ಕೈಗಿಟ್ಟಳು.

"ಇದ್ಯಾಕೆ? ಹಳೇದು ಚೆನ್ನಾಗೇ ಇದೆಯಲ್ಲ."

"ಗಾಜು ಬಿರುಕು ಬಿಟ್ಟಿದೆ."

"ಗಾಜಿನ ವಿಷಯ ನನಗೆ ಹೇಳಿಕೊಡ್ತೀಯಾ? ಎಲ್ಲಿದೆ ಬಿರುಕು, ತೋರ್ಸು."

"ಕೊಟ್ಟಿದ್ದು ತಗೋ, ತಲೆ ತಿನ್ಬೇಡ" ಎಂದು ಅಕ್ಕ ಗದರಿದಳು. ಸಹಿಯನ್ನೂ ಮುರಿಯಲಿಲ್ಲ, ತಮ್ಮನನ್ನೂ ಕಾಪಾಡಿದೆ ಎಂದು ಆ ದಿನ ಅವಳಿಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಆಸ್ಪತ್ರೆಯಲ್ಲಿ ಬದಲಿ ಅಂಗಗಳ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಒಬ್ಬ ಹಿರಿಯ ನರ್ಸು. ಕಾಯುವ ರೋಗಿಗಳು ಅವಳಿಗಿಟ್ಟ ಹೆಸರು ಫೋನಮ್ಮ. ಅವಳ ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ, ಗುಂಡಿ ಒತ್ತುವ ಹಳೆಯ ಕಾಲದ ಒಂದು ಫೋನು ಸದಾ ತೂಗುತ್ತಿತ್ತು. ಎಲ್ಲಾದರೂ ಅಂಗ ಸಿಕ್ಕಿದರೆ ಹಂಚಿಕೆ ಕೇಂದ್ರದವರು ಮೊದಲು ಆ ಫೋನಿಗೇ ಕರೆ ಮಾಡುವುದು, ಅವರ ದಾಖಲೆಯಲ್ಲಿದ್ದ ಸಂಖ್ಯೆ ಅದೊಂದೇ. ಅವಳು ಒಪ್ಪಿಕೊಂಡ ಮೇಲೆ ರೋಗಿಗೆ ಕರೆ. ಅವಳು ಮೂರು ಸಲವೂ ಸಿಗದಿದ್ದರೆ ಅಂಗ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಮೊದಲು ಅವಳ ಕೋಣೆಯಲ್ಲಿ ಒಂದು ಲ್ಯಾಂಡ್‌ಲೈನೂ ಇತ್ತಂತೆ, ಗೋಡೆಗೆ ಬಣ್ಣ ಬಳಿಯಲು ಕಿತ್ತವರು ಮತ್ತೆ ಹಾಕಿರಲಿಲ್ಲ.

"ಸ್ನಾನಕ್ಕೂ ಅದನ್ನ ತಗೊಂಡು ಹೋಗ್ತೀರಾ ಫೋನಮ್ಮ?" ಎಂದು ತಮ್ಮ ಕೆಣಕುತ್ತಿದ್ದ.

"ಪ್ಲಾಸ್ಟಿಕ್ ಚೀಲದಲ್ಲಿ ಹಾಕ್ಕೊಂಡು ಹೋಗ್ತೀನಪ್ಪ, ನಿನ್ನ ಕಿಡ್ನಿ ಬಂದಾಗ ನಾನು ಸೋಪು ಹಚ್ಕೊಂಡು ಕೂತಿರ್ಬಾರ್ದಲ್ಲ" ಎನ್ನುತ್ತಿದ್ದಳು ಅವಳು.

ಆ ಫೋನನ್ನು ಅಕ್ಕ ವಾರಕ್ಕೆ ಮೂರು ಸಲ ನೋಡುತ್ತಿದ್ದಳು. ಕೆಂಪು ದಾರ ಮಾಸಿದ್ದು, ನಾಲ್ಕನೆಯ ಗುಂಡಿಯ ಅಂಕಿ ಸವೆದಿದ್ದು ಎಲ್ಲ ಅವಳಿಗೆ ಗೊತ್ತು. ಮಾಡೆಲ್ ಯಾವುದೆಂದು ಮಾತ್ರ ಅವಳು ಕೇಳಿಕೊಳ್ಳಲೇ ಇಲ್ಲ. ಫೋನು ಕೊಂದು ಬದುಕುವ ಹೆಂಗಸು ನೋಡಿ ಇವಳು, ನನಗೆ ಈಗಲೂ ಸಿಟ್ಟು ಬರುತ್ತದೆ.

ಎಂಬತ್ತೊಂದನೆಯ ದಿನ ಬುಧವಾರ. ಮಧ್ಯಾಹ್ನ ಎರಡರ ಹೊತ್ತಿಗೆ ತಮ್ಮ ಯಂತ್ರದ ಪಕ್ಕ ಮಲಗಿದ್ದ, ಅಕ್ಕ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿದು ತಾನೇ ತಿನ್ನುತ್ತಿದ್ದಳು, ಅವನಿಗೆ ಅದು ವರ್ಜ್ಯ. ಫೋನಮ್ಮ ಬಾಗಿಲಲ್ಲಿ ನಿಂತು ಅಕ್ಕನನ್ನು ಮಾತ್ರ ಕೈಸನ್ನೆ ಮಾಡಿ ಕರೆದಳು. ಹೊರಗೆ ಹೋಗಿ ನೋಡಿದರೆ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಬೆಳಿಗ್ಗೆ ಒಂಬತ್ತೂವರೆಗೆ ಕೇಂದ್ರದಿಂದ ಮಾಡಿದ್ದಾರೆ. ಒಂಬತ್ತು ಮುಕ್ಕಾಲಿಗೆ ಮಾಡಿದ್ದಾರೆ. ಹತ್ತಕ್ಕೆ ಮಾಡಿದ್ದಾರೆ. ನಾನು ಸಿಗ್ಲಿಲ್ವಂತೆ. ಈಗ ಇಮೇಲ್ ಕಳ್ಸಿದ್ದಾರೆ, ಯಾಕೆ ಉತ್ತರ ಕೊಡ್ಲಿಲ್ಲ ಅಂತ."

"ಯಾರ ಹೆಸರಿಗೆ?"

ಫೋನಮ್ಮ ಬಾಗಿಲ ಕಡೆ ನೋಡಿದಳು. ಒಳಗೆ ತಮ್ಮ ಪಕ್ಕದ ಹಾಸಿಗೆಯವರಿಗೆ ಏನೋ ಹೇಳಿ ನಗಿಸುತ್ತಿದ್ದ.

"ಎಲ್ಲಾ ಹೊಂದಿತ್ತು" ಎಂದಳು. "ನೂರಕ್ಕೆ ಮೂರರಲ್ಲಿ ಒಂದು. ಬೇರೆ ಊರಿನವರಿಗೆ ಹೋಯ್ತು. ಆಗ್ಲೇ ಆಪರೇಷನ್ ಶುರುವಾಗಿದೆ."

ಅಕ್ಕ ಅವಳ ಕೊರಳಿನ ಫೋನಿನತ್ತ ನೋಡಿದಳು.

"ನಾನು ಕೊರಳಿಂದ ತೆಗೆದೇ ಇಲ್ಲ" ಎಂದಳು ಫೋನಮ್ಮ. "ದೇವರಾಣೆ ತೆಗೆದಿಲ್ಲ. ಹತ್ತು ನಿಮಿಷಕ್ಕೊಂದು ಸಲ ನೋಡ್ತೀನಿ, ನನ್ನ ಅಭ್ಯಾಸ ಅದು. ಫುಲ್ ಟವರ್ ಇತ್ತು. ನೋಡಿ, ಈಗ್ಲೂ ಇದೆ!"

ಅವಳು ಫೋನನ್ನು ಎತ್ತಿ ಹಿಡಿದಳು. ಪುಟ್ಟ ಪರದೆಯ ಮೂಲೆಯಲ್ಲಿ ಎಲ್ಲ ಕಡ್ಡಿಗಳೂ ನೆಟ್ಟಗೆ ನಿಂತಿದ್ದವು. ಅಕ್ಕ ತನ್ನ ಫೋನು ತೆಗೆದು ಆ ಸಂಖ್ಯೆ ಒತ್ತಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ. ಫೋನಮ್ಮನ ಎದೆಯ ಮೇಲೆ ಫೋನು ಪುಣ್ಯಾತ್ಮನಂತೆ ಸುಮ್ಮನೆ ತೂಗುತ್ತಿತ್ತು.

"ಕೊಡಿ ಇಲ್ಲಿ."

ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಎತ್ತಿದಳು. ಅದರಡಿಯ ಚೀಟಿಯಲ್ಲಿ ಮಾಡೆಲಿನ ಹೆಸರಿತ್ತು. ತನ್ನ ಫೋನಿನಲ್ಲಿ ನಲವತ್ತಾರರ ಪಟ್ಟಿ ತೆರೆದು ಆ ಹೆಸರು ಹುಡುಕಿದಳು, ಸಿಕ್ಕಿತು, ಮೂವತ್ತೊಂದನೆಯ ಸಾಲು. ಬ್ಯಾಟರಿ ಮತ್ತೆ ಹಾಕಿ ಹೊತ್ತಿಸಿದಳು. ಅರ್ಧ ನಿಮಿಷದಲ್ಲಿ ಟಿಣ್ ಎಂದು ಒಂದು ಸಂದೇಶ ಬಂತು, ಮತ್ತೆ ಟಿಣ್, ಮತ್ತೆ ಟಿಣ್. ಒಂಬತ್ತೂವರೆ, ಒಂಬತ್ತು ಮುಕ್ಕಾಲು, ಹತ್ತು.

"ನೀವು ಫೋನಿನ ಕೆಲಸದವರಲ್ವಾ?" ಫೋನಮ್ಮ ಕಣ್ಣೊರೆಸಿಕೊಂಡು ಕೇಳಿದಳು. "ಏನಾಗಿತ್ತು ಇದಕ್ಕೆ? ನಮ್ಮ ಕ್ಯಾಂಟೀನಿನವರ ಫೋನೂ ಬೆಳಿಗ್ಗೆಯಿಂದ ಹೀಗೇ ಅಂತೆ. ಎದುರಿನ ಟವರಲ್ಲಿ ಏನೋ ರಿಪೇರಿ ಮಾಡ್ತಿದ್ರು."

ರಿಪೇರಿಯ ನಡುವೆ ಆ ಟವರು ತಾನು ಕಳಿಸುವಂಥದ್ದೇ ಕಸವನ್ನು ಉಗುಳಿರಬೇಕೆಂದು ಅಕ್ಕನಿಗೆ ಹೊಳೆಯಿತು. ತೊಂಬತ್ತಕ್ಕೆ ಇನ್ನೂ ಒಂಬತ್ತು ದಿನವಿತ್ತು. ಅಕ್ಕ ಫೋನನ್ನು ವಾಪಸು ಕೊಟ್ಟಳು. "ದಿನಾ ಒಂದೆರಡು ಸಲ ಹೀಗೆ ಆಫ್ ಮಾಡಿ ಆನ್ ಮಾಡಿ" ಎಂದಳು.

"ಇಷ್ಟೇನಾ?"

"ಇಷ್ಟೇ."

"ಅಯ್ಯೋ, ಇಷ್ಟೇ ಆಗಿದ್ರೆ ಯಾರಾದ್ರೂ ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ ತಾಯಿ?"

ಫೋನಮ್ಮ ಕುಹಕವಾಡಿದ್ದಲ್ಲ, ನಿಜವಾಗಿ ಕೇಳಿದ್ದು. ಅಕ್ಕ ತಲೆ ತಗ್ಗಿಸಿ ಮೆಟ್ಟಿಲ ಬಳಿ ಹೋಗಿ ಮುಖ್ಯಸ್ಥನಿಗೆ ಕರೆ ಮಾಡಿದಳು. ನಡೆದದ್ದನ್ನು ಹೇಳಿದಳು. ಅವನು ಕೆಟ್ಟವನಲ್ಲ.

"ತುಂಬಾ ಬೇಜಾರಾಯ್ತಮ್ಮ" ಎಂದ. "ಆದ್ರೆ ಒಂದು ಆಸ್ಪತ್ರೆಗೆ ಹೇಳಿದ್ರೆ ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಯಾರೋ ಬೇಕಂತಲೇ ಮಾಡಿದ್ರೆ? ಇವತ್ತು ಒಂದು ಬೀದಿ, ನಾಳೆ ಇಡೀ ಊರು. ಒಂಬತ್ತು ದಿನ ತಡ್ಕೋ."

"ಅಂಕವನ್ನಾದ್ರೂ ಏರಿಸಬಹುದಾ?"

"ಯಾವ ಪ್ರಶ್ನೆ ಕೆಳಗೆ ಏರಿಸ್ಲಿ ಹೇಳು, ಏರಿಸ್ತೀನಿ."

ಅಕ್ಕ ಆ ಫಾರಂ ಅನ್ನು ಮನಸ್ಸಿನಲ್ಲೇ ಮೇಲಿಂದ ಕೆಳಗೆ ಓದಿದಳು. ಅವನು ಹೇಳಿದ್ದು ಸರಿಯಾಗಿತ್ತು, ಅದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಒಳಗೆ ಬಂದಾಗ ತಮ್ಮ ಅವಳ ಮುಖವನ್ನೇ ನೋಡುತ್ತಿದ್ದ. ಗಾಜು ಉಜ್ಜುವವನ ಕಣ್ಣು, ಕೂದಲೆಳೆಯಷ್ಟು ಗೀರನ್ನೂ ಬಿಡುವುದಿಲ್ಲ.

"ನನ್ನದೇ ಅಲ್ವಾ? ಕೇಳಿಸ್ತು" ಎಂದ. ಆಮೇಲೆ ತನ್ನ ಹೊಸ ಫೋನನ್ನು ಎತ್ತಿ ತೋರಿಸಿ, "ಅಕ್ಕ, ಅವತ್ತು ನನ್ನ ಫೋನ್ ಯಾಕೆ ಬದಲಾಯಿಸ್ದೆ?"

ಅವಳು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಮಂಗಳವಾರ, ಐದು ಕಡ್ಡಿ, ಫಾರಂ, ಅಳಿಸಿದ ಸಾಲು, ನಲವತ್ತಾರರ ಪಟ್ಟಿ. ಸಹಿಯ ಮಾತು ಅಲ್ಲಿಗೆ ಮುರಿಯಿತು, ಪ್ರಯೋಜನ ಮಾತ್ರ ಯಾರಿಗೂ ಇರಲಿಲ್ಲ.

"ಪಟ್ಟಿ ಪೂರ್ತಿ ಓದ್ಲಿಲ್ವಾ?"

"ನಿನ್ನದು ಸಿಕ್ತು. ಮುಚ್ಚಿಬಿಟ್ಟೆ."

ತಮ್ಮ ಛಾವಣಿ ನೋಡುತ್ತಾ ಮಲಗಿದ. ಅವನು ರೇಗಿದ್ದರೆ, ಒಂದು ಕೆಟ್ಟ ಮಾತು ಆಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಸೂಜಿಯಿಲ್ಲದ ಕೈಯನ್ನು ಚಾಚಿ ಅವಳ ಮಡಿಲಲ್ಲಿದ್ದ ಕಿತ್ತಳೆ ಸಿಪ್ಪೆಯನ್ನು ಎತ್ತಿ ತಟ್ಟೆಗೆ ಹಾಕಿದ. "ಅಳ್ಬೇಡ ಕಣೆ. ಅದು ಇನ್ನೊಬ್ರಿಗೆ ಸಿಕ್ಕಿದೆಯಲ್ಲ, ನೆಲಕ್ಕೆ ಬಿದ್ದಿಲ್ವಲ್ಲ" ಎಂದ.

ತೊಂಬತ್ತನೆಯ ದಿನ ಪ್ರಕಟಣೆ ಹೊರಬಿತ್ತು. ದೋಷ ಕಂಡುಹಿಡಿದವರ ಸಾಲಿನಲ್ಲಿ ಅಕ್ಕನ ಹೆಸರಿತ್ತು, ಪ್ರಯೋಗಾಲಯದಲ್ಲಿ ಚಪ್ಪಾಳೆ ತಟ್ಟಿದರು. ನಲವತ್ತಾರರಲ್ಲಿ ಹತ್ತೊಂಬತ್ತು ಮಾಡೆಲುಗಳಿಗೆ ದುರಸ್ತಿ ಬಂದಿತ್ತು. ಗುಂಡಿಯ ಫೋನಿನ ಮುಂದೆ ತಯಾರಿಕೆ ನಿಂತಿದೆ, ದುರಸ್ತಿ ಇಲ್ಲ ಎಂದಿತ್ತು. ಅಕ್ಕ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿದಳು. ಬೇರೊಂದು ಫೋನನ್ನೂ ಕೊಂಡೊಯ್ದಿದ್ದಳು. ಅದರಲ್ಲಿ ಆಸ್ಪತ್ರೆಯ ಸಿಮ್ ಕೆಲಸ ಮಾಡಲಿಲ್ಲ. ಆ ಸಿಮ್ಮನ್ನು ಆ ಸೆಟ್ಟಿಗೇ ಬೀಗ ಹಾಕಿಟ್ಟಿದ್ದರು, ಬಿಚ್ಚಬೇಕಾದರೆ ಖರೀದಿ ವಿಭಾಗದ ಅಪ್ಪಣೆ ಬೇಕು. ಫೋನಮ್ಮ ಪ್ರಕಟಣೆಯನ್ನು ಲಗತ್ತಿಸಿ, ಅಂದವಾದ ಅಕ್ಷರದಲ್ಲಿ ಅರ್ಜಿ ಬರೆದಳು.

ಹನ್ನೊಂದು ದಿನಕ್ಕೆ ಉತ್ತರ ಬಂತು. ಫೋನಮ್ಮ ಅದನ್ನು ಅಕ್ಕನ ಕೈಗೆ ಕೊಟ್ಟು ಪಕ್ಕಕ್ಕೆ ಮುಖ ತಿರುಗಿಸಿದಳು. ಎರಡೇ ಸಾಲು: "ಲಗತ್ತಿಸಿದ ಪ್ರಕಟಣೆಯ ಪ್ರಕಾರ ತೀವ್ರತೆ ಮಧ್ಯಮ, ಮರುಚಾಲನೆಯಿಂದ ಸರಿಹೋಗುತ್ತದೆ. ಅಧಿಕ ತೀವ್ರತೆಯ ದೋಷಗಳಿಗೆ ಮಾತ್ರ ಉಪಕರಣ ಬದಲಿಸಲಾಗುವುದು."

ಅಕ್ಕ ತನ್ನದೇ ವಾಕ್ಯವನ್ನು ಎರಡು ಸಲ ಓದಿದಳು. ಮೇಲ್ಮನವಿ ಬರೆದಳು. ಖರೀದಿ ವಿಭಾಗದ ಕಿಟಕಿಯ ಮುಂದೆ ನಿಂತು ಗೋಗರೆದಳು. "ಇದನ್ನ ಬರೆದೋರು ತಿಳಿದೋರೇ ಇರ್ಬೇಕಲ್ಲಮ್ಮ, ನಾವೇನು ಅವರಿಗಿಂತ ಜಾಸ್ತಿ ಬಲ್ಲೆವಾ?" ಎಂದು ಒಳಗಿನ ಗುಮಾಸ್ತ ವಿನಯವಾಗಿ ಕೇಳಿದ. ಬರೆದವಳು ನಾನೇ ಎಂದು ಹೇಳಿದಳು. ಅವನು ಪಾಪ ಎಂಬಂತೆ ನೋಡಿ ಕಿಟಕಿ ಎಳೆದುಕೊಂಡ.

ಇನ್ನು ಉಳಿದ ದಾರಿ ತಮ್ಮನದು. ಅವನು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಫೋನಮ್ಮನಿಗೆ ಕರೆ ಮಾಡತೊಡಗಿದ.

"ಇದ್ದೀರಾ?"

"ಇದ್ದೀನಪ್ಪ."

"ಸರಿ, ಇಡ್ತೀನಿ."

ಆ ರಿಂಗು ಕೇಳುವವರೆಗೆ ಅಕ್ಕ ಚೀಲ ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿರುತ್ತಿದ್ದಳು. ಒಂಬತ್ತಕ್ಕೆ ಬದುಕಿದ್ದು ಒಂಬತ್ತೂವರೆಗೆ ಸಾಯಬಹುದಲ್ಲ ಎಂದು ತಮ್ಮ ಹತ್ತಕ್ಕೂ ಮಾಡಿದ, ಹನ್ನೊಂದಕ್ಕೂ ಮಾಡಿದ. ಅವನ ಬಾಯಿ ಗೊತ್ತಲ್ಲ, ಪಕ್ಕದ ಹಾಸಿಗೆಗೆ ಹೇಳಿದ, ಅದು ಅದರ ಪಕ್ಕಕ್ಕೆ ಹೋಯಿತು. ಕಾಯುತ್ತಿದ್ದವರು ಇಪ್ಪತ್ತಾರು ಮಂದಿ, ಅವರ ಮನೆಯವರು ಬೇರೆ. ಎಲ್ಲರಿಗೂ ಒಂದೇ ಭಯ, ಎಲ್ಲರೂ ಗಂಟೆಗೊಂದು ಸಲ ಫೋನಮ್ಮನ ಫೋನಿನ ನಾಡಿ ಹಿಡಿದು ನೋಡುವವರೇ.

ಎರಡನೆಯ ವಾರ ಫೋನಮ್ಮ ಡಯಾಲಿಸಿಸ್ ಕೋಣೆಗೆ ಬಂದು ನಡುವೆ ನಿಂತಳು. ಕೊರಳಲ್ಲಿ ಫೋನು ರಿಂಗಾಗುತ್ತಲೇ ಇತ್ತು. ಕರೆಯನ್ನು ಕತ್ತರಿಸಿದಳು, ಮತ್ತೆ ರಿಂಗಾಯಿತು.

"ಕೈ ಮುಗೀತೀನಿ, ಯಾರೂ ಮಾಡ್ಬೇಡಿ" ಎಂದಳು. "ನಿನ್ನೆ ಕೇಂದ್ರದವರು ಹೇಳಿದ್ರು, ಯಾವಾಗ ಮಾಡಿದ್ರೂ ನಿಮ್ಮ ಲೈನು ಬ್ಯುಸಿ ಅಂತ. ನಿನ್ನೆ ಮಾಡಿದ್ದು ಸುಮ್ನೆ ಏನೋ ವಿಚಾರಿಸೋಕೆ. ಅದು ಅಂಗದ ಕರೆ ಆಗಿದ್ರೆ?"

ಅಕ್ಕ ಕಣ್ಣು ಮುಚ್ಚಿಕೊಂಡಳು. ಕಾವಲುಗಾರನಿಗೆ ಎಚ್ಚರವಿದೆಯೇ ಎಂದು ಕೇಳಲು ಹೋಗಿ ಇವರೆಲ್ಲ ಸೇರಿ ಬಾಗಿಲಿಗೇ ಅಡ್ಡ ನಿಂತಿದ್ದರು. ತಾಮ್ರದ ಕೋಣೆಯಲ್ಲಿ ಕೂತು ತಾನು ಮಾಡುವ ಕೆಲಸವನ್ನೇ ಅವಳ ತಮ್ಮ ಮಲಗಿದಲ್ಲಿಂದ ಮಾಡಿದ್ದ.

ಅಂದಿನಿಂದ ಯಾರೂ ಕರೆ ಮಾಡಬಾರದು ಎಂದಾಯಿತು. ಫೋನಮ್ಮ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬ್ಯಾಟರಿ ತೆಗೆದು ಹಾಕುತ್ತಾಳೆ. ಅದರ ನಡುವಿನ ಗಂಟೆಗಳಲ್ಲಿ ಫೋನು ಇದೆಯೋ ಇಲ್ಲವೋ ತಿಳಿಯಬೇಕೆಂದರೆ ಕರೆ ಮಾಡಬೇಕು, ಕರೆ ಮಾಡುವಂತಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಅಭ್ಯಾಸಬಲದಿಂದ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ತಮ್ಮ ಅಭ್ಯಾಸಬಲದಿಂದ ಫೋನು ಎತ್ತಿಕೊಂಡಿದ್ದ. ಹೆಬ್ಬೆರಳು ಆ ಹೆಸರಿನ ಮೇಲೆ ನಿಂತಿತ್ತು. ಒತ್ತದೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಅವನ ಬಲಗೈಯ ಪಟ್ಟಿಯಡಿ ಹೊಸ ಊತ ಕಾಣುತ್ತಿತ್ತು.

"ಅಕ್ಕ, ಈಗ ಬದುಕಿದೆಯಾ ಅದು?"

ನಲವತ್ತಾರು ಮಾಡೆಲುಗಳನ್ನು ಕೊಂದವಳು ಚೀಲವನ್ನು ಕೆಳಗಿಟ್ಟಳು.

"ಗೊತ್ತಿಲ್ಲ ಕಣೋ" ಎಂದಳು.